ಎರಡನೆಯ ಹೆಸರು

ಅರ್ಜಿಯಲ್ಲಿ ಮೂರು ಚೌಕ: ನೃತ್ಯ, ನಾಟಕ, ಸಂಗೀತ.
ಎರಡಕ್ಕೆ ಸೇರಿಸಿದರೆ ಹತ್ತು ಪರ್ಸೆಂಟ್ ಸೋಡಿ.
ಆಸೆ ಮೂರಕ್ಕೂ ಇತ್ತು,
ಕೈಯಲ್ಲಿದ್ದದ್ದು ಒಂದರ ದುಡ್ಡು,
ಅದೂ ಕಂತಿನಲ್ಲಿ.

ನೃತ್ಯಕ್ಕೆ ಗುರುತು ಹಾಕಿದೆ.
ಮಗಳನ್ನು ಕೇಳಲಿಲ್ಲ.
ನನಗೆ ಏಳು ವರ್ಷವಿದ್ದಾಗ
ಮಂಡ್ಯದ ನಮ್ಮ ಬೀದಿಯ ಕಡೇ ಮನೆಯ ಕಿಟಕಿಯಿಂದ
ತಟ್ಟುಕೋಲಿನ ಸದ್ದು ಬರುತ್ತಿತ್ತು.
ಸೊಸೈಟಿಯಿಂದ ಸೀಮೆಎಣ್ಣೆ ತರುವಾಗ
ಡಬ್ಬ ಕೆಳಗಿಡದೆ, ತುಳುಕದ ಹಾಗೆ,
ಬರೀ ಕಾಲ್ಬೆರಳಲ್ಲಿ ಕುಣಿದವಳು ನಾನು.
ಫೀಸೆಷ್ಟು ಅಂತ ಕೇಳುವುದಕ್ಕೂ
ಅಪ್ಪನಿಗೆ ಮುಖವಿರಲಿಲ್ಲ.

ಮಗುವಿನ ಹೆಸರು: ವೈಖರಿ.
ಅಲರ್ಜಿ: ಇಲ್ಲ.
ಫೋಟೋ ತೆಗೆಯಬಹುದೇ: ತೆಗೆಯಿರಿ.
ತುರ್ತು ಸಂಪರ್ಕ ಒಂದು: ತಾಯಿ.
ತುರ್ತು ಸಂಪರ್ಕ ಎರಡು:

ಇಲ್ಲಿ ಪೆನ್ನು ನಿಂತಿತು.
ಅವರಪ್ಪ ಇರುವ ಊರಿಗೂ ನಮ್ಮ ಹಲ್‌ಗೂ
ನಡುವೆ ಈಗ ವಕೀಲರಿದ್ದಾರೆ.
ನಾನು ಕೆಲಸ ಮಾಡುವ ವೃದ್ಧಾಶ್ರಮದಲ್ಲಿ
ಆರನೇ ರೂಮಿನ ಅಜ್ಜಿ ನನ್ನನ್ನು ಮಗಳೇ ಅನ್ನುತ್ತಾಳೆ;
ಫೋನ್ ಬಂದರೆ ಓಡಿಬರಲು ಅವಳಿಗೆ ತೊಂಬತ್ತೆರಡು.
ಒಂದು ಅಡ್ಡಗೆರೆ ಎಳೆದು ಕೊಟ್ಟೆ.
ಆಮೇಲೆ ತುಂಬಿದರಾಯಿತು, ಅಂದಳು ಕೌಂಟರಿನ ಹುಡುಗಿ.

ಶನಿವಾರ ಹತ್ತಕ್ಕೆ, ಹಳೇ ಚರ್ಚಿನ ಹಾಲ್.
ಹೊರಗೆ ಈ ಊರಿಗಷ್ಟೇ ಇರುವ ಕೆನೆಬಣ್ಣದ ಫೋನ್ ಬೂತು,
ಒಳಗೆ ಓಣಿಯುದ್ದಕ್ಕೂ ಪ್ಲಾಸ್ಟಿಕ್ ಕುರ್ಚಿ,
ಹೀಟರಿನ ಮೇಲೆ ಒದ್ದೆ ಕೈಗವಸುಗಳ ಸಾಲು,
ಯಾವ ಜೊತೆ ಯಾರದೋ.
ಬಾಗಿಲಿನ ದುಂಡು ಗಾಜಿಗೆ ಮೂಗು ಒತ್ತಿ ನೋಡಿದರೆ
ಹದಿಮೂರು ಮಕ್ಕಳು ಕುಣಿಯುತ್ತಿದ್ದಾರೆ,
ನನ್ನವಳು ಪಿಯಾನೋದ ಅಡಿಯಲ್ಲಿ ಕೂತಿದ್ದಾಳೆ.

ಮೂರು ವಾರ ಪಿಯಾನೋದ ಅಡಿ.
ನಾಲ್ಕನೇ ವಾರ ಟೀಚರ್ ಅಂದರು:
ಇದು ನೋಡುವ ಮಗು, ಪಕ್ಕದ ರೂಮಿಗೆ ಕಳಿಸೋಣವೇ?
ಪಕ್ಕದ್ದು ನಾಟಕ.
ಅಲ್ಲಿ ಅವಳನ್ನು ವೈ ಅಂತ ಕರೆದರು. ವೈ ಅಂದರೆ ಯಾಕೆ.
ಯಾಕೆ ಬಾ, ಯಾಕೆ ಕೂತ್ಕೋ, ಯಾಕೆ ನೀನೇ ಕಾಗೆ!
ವಾರವಿಡೀ ಮನೆಯಲ್ಲಿ ಕಾ ಕಾ.
ಕೆಳಮನೆಯವರು ಪೊರಕೆಯಲ್ಲಿ ಸೂರು ಕುಟ್ಟಿದರೆ
ಕಾಗೆ ಅದಕ್ಕೂ ಉತ್ತರ ಕೊಟ್ಟಿತು.

ನನಗೆ ಹೊಟ್ಟೆಯಲ್ಲಿ ಸಣ್ಣ ಸಂಕಟ, ಸುಳ್ಳೇಕೆ.
ಗೆಜ್ಜೆ ಕಟ್ಟಬೇಕಿದ್ದ ಕಾಲಿಗೆ
ಕಪ್ಪು ರಟ್ಟಿನ ಉಗುರು ಅಂಟಿಸುತ್ತ ಕೂತೆ.

ಮಾರ್ಲೀನ್ ಪರಿಚಯವಾದದ್ದು ಆ ಕುರ್ಚಿಗಳಲ್ಲೇ.
ಮೊಮ್ಮಗ ಕ್ಯಾಲಮ್ ಮೂರನೇ ರೂಮಿನಲ್ಲಿ ತುತ್ತೂರಿ ಊದುತ್ತಾನೆ,
ಇವಳು ಹೊರಗೆ ಲಾಟರಿ ಚೀಟಿ ಉಜ್ಜುತ್ತಾಳೆ, ನಾಣ್ಯದಲ್ಲಿ,
ಪಾತ್ರೆ ತಳ ತಿಕ್ಕುವ ಶ್ರದ್ಧೆಯಿಂದ.
ನನಗೂ ಒಂದು ಚೀಟಿ.
ಗೆದ್ದರೆ ನೀನೂ ನಾನೂ ಸ್ಪೇನಿಗೆ, ಹುಡುಗರನ್ನು ಇಲ್ಲೇ ಬಿಟ್ಟು.
ಒಮ್ಮೆ ಎರಡು ಪೌಂಡ್ ಬಂತು.
ಚಹಾ ಕುಡಿದೆವು, ಸ್ಪೇನು ಉಳಿಯಿತು.
ನನ್ನ ಡ್ಯೂಟಿ ತಡವಾದ ದಿನ
ಕಾಗೆಗೂ ಬಿಸ್ಕತ್ತು ಅವಳ ಚೀಲದಿಂದಲೇ.
ನಾಟಕದ ದಿನ ಕಾಗೆ ಎರಡೇ ಸಲ ಕೂಗಬೇಕಿತ್ತು, ಐದು ಸಲ ಕೂಗಿತು.
ಮೊದಲು ಚಪ್ಪಾಳೆ ತಟ್ಟಿದ್ದು ನಾನಲ್ಲ.

ಹೊಸ ಟರ್ಮಿನ ಅರ್ಜಿ ಬಂತು ಮೊನ್ನೆ.
ಮಾರ್ಲೀನ್ ಮಂಡಿ ನೀವಿಕೊಳ್ಳುತ್ತ
ಕ್ಯಾಲಮ್‌ನ ಹಾಳೆ ತೊಡೆಯ ಮೇಲಿಟ್ಟು ಕೇಳಿದಳು:
ಚೆಲ್, ನಿನ್ನ ಪೂರ್ತಿ ಹೆಸರು ಬರೆಯೋದು ಹ್ಯಾಗೆ?
ಯಾಕೆ, ಅಂದೆ.
ಎರಡನೇ ಹೆಸರು ಬೇಕಂತೆ. ನನಗೇನಾದರೂ ಆದರೆ.

ಒಂದೊಂದೇ ಅಕ್ಷರ ಹೇಳಿದೆ,
ಸಿ, ಎಚ್, ಇ, ಎಲ್,
ಎಲ್ ಒಂದೇ ಸಾಕಾ? ಸಾಕು,
ಚೆಲುವಾಂಬ ಅನ್ನುವ ಇಡೀ ಉದ್ದ
ಆ ಗಿಡ್ಡ ಚೌಕದಲ್ಲಿ ಹಿಡಿಸದೆ
ಕೊನೆಯ ಅಕ್ಷರ ಗೆರೆ ದಾಟಿ ಹೊರಗೆ ನಿಂತಿತು.

ಆಮೇಲೆ ಫೋನ್ ನಂಬರು.
ನಾನು ಚೀಟಿಯಲ್ಲಿ ಬರೆದದ್ದು ಅವಳಿಗೆ ತಿಳಿಯಲಿಲ್ಲ,
ಕನ್ನಡಕ ಏರಿಸಿ, ಇಳಿಸಿ:
ಕಡೆಯದು ಒಂದೋ, ಏಳೋ?

ಏಳು, ಅಂದೆ, ಅವಳಿಗೆ ಗೊತ್ತಿಲ್ಲದ ಭಾಷೆಯಲ್ಲಿ,
ಯಾರೋ ನನ್ನನ್ನು ಎಬ್ಬಿಸಿದ ಹಾಗೆ.
ಆಮೇಲೆ ಬೆರಳು ತೋರಿಸಿ ಹೇಳಿದೆ, ಸೆವೆನ್.