ಸೀಸ ನಮ್ದಲ್ಲ

ಚೌಬಾರಾದ ಹಿಂದಿನ ಗಲ್ಲಿ, ನಮ್ಮ ಮಾಳಿಗಿ ಮ್ಯಾಲ
ಝರಮ್ಮ ಇಟ್ಟು ಹೋದ ಜೇನುಪೆಟ್ಟಿಗಿ.
ತುಪ್ಪ ನೀವೇ ಇಟ್ಕೋರಿ ಚಾಚಾ, ತಿನಬ್ಯಾಡ್ರಿ ಅಷ್ಟೆ,
ನನಗ ಸತ್ತ ಹುಳ ಬೇಕು, ಅಂದಳು.

ಶುಕ್ರವಾರ ನಮಾಜ್ ಮುಗಿಸಿ ಬಂದು
ಪೆಟ್ಟಿಗಿ ಬಾಯಿಗೆ ಬಿದ್ದವನ್ನ ಒಂದೊಂದೇ ಎತ್ತಿ
ಮಾತ್ರೆ ಡಬ್ಬಿಗೆ ಹಾಕ್ತೀನಿ.
ಹೂಜಿಯ ಬಳ್ಳಿಗೆ ಬೆಳ್ಳಿ ತಂತಿ ಕೂಡಿಸೋ
ಅದೇ ಚಿಮಟಾ.

ನಾಕು ತಿಂಗಳಿಗೆ ಕಾಗದ ತಂದಳು.
ಸತು ಅದ, ತಾಮ್ರ ಅದ.
ಅದು ನಮ್ದು, ಅಂದೆ, ಕೇಳೋಕ್ಕಿಂತ ಮೊದಲೇ.
ಮೂರು ತಲೆಮಾರು ಇದೇ ಅಂಗಳದಾಗ ಕರಗಿಸೀವಿ.
ಸೀಸನೂ ಅದ, ಭಾಳ ಅದ.
ಅದು ನಮ್ದಲ್ಲ.

ಇಬ್ಬರೂ ಮಾಳಿಗಿ ಹತ್ತಿ
ಹುಳ ಹೋಗೋ ಕಡೆ ಕಣ್ಣು ಕಿರಿದು ಮಾಡಿ ನಿಂತ್ವಿ.
ಕೋಟೆ ಕಡೆ ಒಂದೂ ಇಲ್ಲ.
ಎಲ್ಲಾ ಹಳೇ ಬ್ಯಾಟರಿ ಒಡೆಯೋ ಶೆಡ್ಡು ದಾಟಿ
ಕುಸುಬೆ ಹೊಲಕ್ಕ.

ಆ ಶೆಡ್ಡಿನಾಗ ನನ್ನ ತಂಗಿ ಮಗ ಮುಬೀನ್, ದಿನಗೂಲಿ.
ಸಂಜೀಕ ಬಂದು ಪೆಟ್ಟಿಗಿ ಪಕ್ಕ ಕೂತು
ಕೈ ತೊಳೀದೇ ರೊಟ್ಟಿ ಮುರೀತಾನ.
ಕಾಗದದಾಗ ಅವನ ಸುದ್ದಿ ಎಲ್ಲೂ ಇಲ್ಲ.

ಈ ಶುಕ್ರವಾರ ಅವನನ್ನ ಕೂಡಿಸಿ
ಹತ್ತೂ ಉಗುರು ತೆಗೆದೆ.
ಬ್ಯಾರೆ ಡಬ್ಬಿ.
ಮ್ಯಾಲ ಏನು ಬರೀಬೇಕು,
ಝರಮ್ಮನ್ನ ಕೇಳಬೇಕು.