ಹತ್ತಕ್ಕೆ ಎಷ್ಟು

ಮಂಡ್ಯದ ಸುಭಾಷ್ ನಗರ. ಭಾನುವಾರ, ಬೆಳಗ್ಗೆ ಏಳೂವರೆ.
ಹಿತ್ತಿಲ ನಲ್ಲಿಯ ಮುಂದೆ ಕುಕ್ಕರುಗಾಲಲ್ಲಿ ನಾನು.
ಹಸಿರು ಪೈಪಿನ ಮೂತಿ ನಲ್ಲಿಯ ಬಾಯಿ ಕಚ್ಚಿ
ನಾಲ್ಕು ವರ್ಷ. ಬಿಡುವುದಿಲ್ಲ.

ಬಿಸಿಲಿಗೆ ಪೈಪು ಒಣ ಪಡವಲಕಾಯಿಯಾಗಿದೆ,
ಮೂರು ಕಡೆ ನೀರು ಕಾರುತ್ತದೆ.
ಹೊಸದು ತಂದಿಟ್ಟಿದ್ದೇನೆ, ಐವತ್ತಡಿ,
ಸುರುಳಿ ಬಿಚ್ಚಿಲ್ಲ, ಹೊಸ ಚಪ್ಪಲಿಯ ವಾಸನೆ.
ಹಳೆಯದು ಜಾಗ ಬಿಟ್ಟರೆ ತಾನೆ.

ಕಬ್ಬಿಣಕ್ಕೆ ತುಕ್ಕು, ಹಿತ್ತಾಳೆಗೆ ಕಿಲುಬು.
ಎರಡೂ ಅಲ್ಲದ ಈ ಬೂದುಬಿಳಿ ಹಿಟ್ಟಿಗೆ
ನನಗೆ ಹೆಸರು ಗೊತ್ತಿಲ್ಲ.
ನಲ್ಲಿ ಹಿತ್ತಾಳೆ, ಪೈಪಿನ ಬಳೆ ಯಾವುದೋ ಅಗ್ಗದ ಲೋಹ,
ನಡುವೆ ಬೋರಿನ ಉಪ್ಪುನೀರು.
ಮೂವರೂ ಸೇರಿ ಒಬ್ಬರಾಗಿ ಕೂತಿದ್ದಾರೆ.

ವಾರದ ಆರು ದಿನ ನನ್ನ ಕೆಲಸವೂ ಇದೇ.
ಬಿಗಿದ ಭುಜ, ಮಡಚದ ಮಂಡಿ,
ಪ್ಲಾಸ್ಟರು ಬಿಚ್ಚಿದ ಮೇಲೆ
ತಾನು ಮೊಣಕೈ ಎಂಬುದನ್ನೇ ಮರೆತ ಮೊಣಕೈ.
ನೋವು ಹತ್ತಕ್ಕೆ ಎಷ್ಟು, ಎಂದು ಕೇಳುತ್ತೇನೆ.
ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ತೂಕ ಬರೆಯುತ್ತಿದ್ದ ಬೋರಲಿಂಗಯ್ಯ
ಪ್ರತಿ ಸಲವೂ, "ಅನ್ನೊಂದು ಕಣವ್ವ."
ಮೂರನೇ ವಾರ ಅದೇ ಕೈ ಎತ್ತಿ
ಗೋಡೆಯ ಕ್ಯಾಲೆಂಡರು ಮುಟ್ಟಿದರು,
ಮುಟ್ಟಿದ ಖುಷಿಗೆ ಹಾಳೆ ಹರಿದೇಬಿಟ್ಟರು.
ತಿಂಗಳು ಮುಗಿಯಲು ಇನ್ನೂ ಒಂಬತ್ತು ದಿನವಿತ್ತು.

ಇದಕ್ಕೂ ಅದೇ ಕ್ರಮ.
ಮೊದಲು ಶಾಖ, ಬಿಸಿನೀರಲ್ಲಿ ಅದ್ದಿದ ಟವೆಲ್ಲು.
ಆಮೇಲೆ ಕೊಬ್ಬರಿಯೆಣ್ಣೆ, ಮರೆಯ ಸುತ್ತಿಗೂ ಇಳಿಯುವ ಹಾಗೆ.
ಆಮೇಲೆ ಕಾಯುವುದು.
ಅದನ್ನು ಕಾಲೇಜಿನಲ್ಲಿ ಕಲಿಸಲಿಲ್ಲ.

ಮನೆಯೊಡತಿ ನಿಂಗಾಜಮ್ಮ ಬಂದರು.
"ಎಣ್ಣೆಗೆಲ್ಲ ಬಗ್ಗಾಕಿಲ್ಲ ಅದು. ಉಳಿ ಆಕವ್ವ, ಉಳಿ."
ಉಳಿಯೇ? ಏಟು ಬಿದ್ದರೆ ನಲ್ಲಿಯೇ ಹೋದೀತು ಎಂದು
ನಾನು ಬೆದರುವಷ್ಟರಲ್ಲಿ ಮುಷ್ಟಿ ಬಿಚ್ಚಿದರು:
ಹುಣಸೆಹಣ್ಣು.
ಮೆತ್ತಿದೆವು. ಹಸಿರು ತೊಟ್ಟಿಕ್ಕಿ ಇಳಿಯಿತು,
ಹಿತ್ತಾಳೆ ದೀಪಾವಳಿಯ ಚೊಂಬಿನಂತೆ ಹೊಳೆಯಿತು.
ಬಳೆ ಮಾತ್ರ ಕದಲಲಿಲ್ಲ.

ಎಡಕ್ಕೆ ತಿರುಗಿಸಬೇಕು, ಅದು ಗೊತ್ತು.
ನೆಲ ನೋಡುತ್ತ ನಿಂತ ನಲ್ಲಿಗೆ ಎಡ ಯಾವುದು?
ಕೆನ್ನೆ ಮಣ್ಣಿಗೆ ತಾಗಿಸಿ ಕೆಳಗಿನಿಂದ ನೋಡಿದೆ.
ಅರ್ಧ ಗಂಟೆಯಿಂದ ನಾನು
ಬಿಗಿಯುತ್ತಿದ್ದೆ.

ಸೈಕಲ್ ಶಾಪಿನ ಮುಬಾರಕ್ ಕೊಟ್ಟ ರೆಂಚು ಹಾಕಿ ಎಳೆದರೆ
ಗೋಡೆಯೊಳಗಿನ ಕೊಳವೆ ಕಿರ್ರೆಂದಿತು.
ತಪ್ಪು ನನ್ನದೇ. ಭುಜದ ಮೊದಲ ಪಾಠ:
ಹೆಗಲ ಹಲಗೆಯನ್ನು ಒಂದು ಕೈಲಿ ಒತ್ತಿ ಹಿಡಿ,
ಇಲ್ಲದಿದ್ದರೆ ತಿರುಗುವುದು ತೋಳಲ್ಲ, ಇಡೀ ಮನುಷ್ಯ.
ಇನ್ನೊಂದು ರೆಂಚು ಬಂತು. ನಿಂಗಾಜಮ್ಮ ಸೆರಗು ಸಿಕ್ಕಿಸಿ
ನಲ್ಲಿಯನ್ನು ಹಿಡಿದರು,
ಲಾಳ ಹೊಡೆಸುವ ಎತ್ತಿನ ಕೊಂಬು ಹಿಡಿದವರ ಹಾಗೆ.
ಬಲಕ್ಕೆ ಕೂದಲೆಳೆ, ಎಡಕ್ಕೆ ಕೂದಲೆಳೆ.
ಇಲ್ಲ.

ಕೊನೆಗೆ ಹ್ಯಾಕ್ಸಾ ಬ್ಲೇಡು. ಬಳೆಯ ಮೇಲೆ ಓರೆಯಾಗಿ,
ಒಳಗಿನ ಸುತ್ತುಗಳಿಗೆ ತಾಗದಷ್ಟು.
ಸೀಳಿಗೆ ಸ್ಕ್ರೂಡ್ರೈವರಿನ ತುದಿಯಿಟ್ಟು ತಿರುವಿದೆ.

ಟಕ್.

ಆ ಸದ್ದು ನನಗೆ ಗೊತ್ತು. ಕ್ಲಿನಿಕ್ಕಿನಲ್ಲಿ ಅದು ಬಂದಾಗ
ಜನ ಮೊದಲು ನನ್ನ ಮುಖ ನೋಡುತ್ತಾರೆ,
ಅಳಬೇಕೋ ನಗಬೇಕೋ ಆಮೇಲೆ.
ನಿಂಗಾಜಮ್ಮ ನನ್ನ ಮುಖ ನೋಡಿದರು.

ಹೊಸ ಪೈಪಿಗೆ ವ್ಯಾಸಲೀನು ಸವರಿ ಏರಿಸಿದೆ.
ತಿಂಗಳಿಗೊಮ್ಮೆ ಬಿಚ್ಚಿ ಹಾಕುತ್ತೇನೆ, ಎಂದೆ,
ಮನೆಯಲ್ಲಿ ದಿನಾ ಮಾಡ್ತೀನಿ ಮೇಡಂ ಎನ್ನುವ
ನನ್ನ ರೋಗಿಗಳದೇ ದನಿಯಲ್ಲಿ.

ಹನಿಯಿಲ್ಲ. ಒಂದೂ ಇಲ್ಲ.
ಹನಿ ಬೀಳುತ್ತಿದ್ದ ಜಾಗದಲ್ಲಿ ಅಂಗೈಯಗಲ ಒಂದೆಲಗ;
ವಾರಕ್ಕೊಮ್ಮೆ ಅವರ ಚಟ್ನಿಗೆ ಅದೇ.
ನಾಲ್ಕು ವರ್ಷ ಸೋರಿಕೆಗೆ ಬೈದ ನಿಂಗಾಜಮ್ಮ
ಬಗ್ಗಿ ಎಲೆ ಮುಟ್ಟಿ ನೋಡಿ,
"ವಸಿ ಸಡ್ಲ ಬುಡವ್ವ," ಎಂದರು.