ಹೆಬ್ಬೆಟ್ಟು

ಕರಂಗಲ್ಪಾಡಿ ಕೋರ್ಟಿನ ಗೇಟಿನೆದುರು, ಜೆರಾಕ್ಸ್ ಅಂಗಡಿಯ ಬಗಲಲ್ಲಿ
ಇಪ್ಪತ್ತೆರಡು ವರ್ಷದಿಂದ ಕಂಡವರ ಕಷ್ಟ ಟೈಪು ಮಾಡುತ್ತೇನೆ.
ಪುಟಕ್ಕೆ ಮೂವತ್ತು. ತಪ್ಪು ತಿದ್ದಿಕೊಡುವುದು ಉಚಿತ.

ಜೆಸಿಂತಾ ಬಾಯಿ ಕರಿಕೋಟು ಮಡಚಿ ಕೈಮೇಲೆ ಹಾಕಿಕೊಂಡು
ಆ ಹೆಂಗಸನ್ನು ನನ್ನ ಸ್ಟೂಲಿನ ಮೇಲೆ ಕೂರಿಸಿದರು.
'ಹಾಕಿ ವಾಮನಣ್ಣ: ಹುಲಿಗೆವ್ವ, ಗಂಡ ಯಮನೂರಪ್ಪ,
ಸ್ವಂತ ಊರು ಕುಷ್ಟಗಿ ತಾಲೂಕು, ಹಾಲಿ ವಾಸ...'
ಹಾಲಿ ವಾಸ ಎಂಬಲ್ಲಿ ನನ್ನ ಬೆರಳು ನಿಂತಿತು.
ಬಂದರಿನ ಹಿಂದೆ, ಐಸ್ ಪ್ಲಾಂಟಿನ ಗೋಡೆಗೆ ಒರಗಿದ
ನೀಲಿ ಟರ್ಪಾಲಿಗೆ ಡೋರ್ ನಂಬರು ಎಲ್ಲಿಯದು?
'ಗೋಡೆಯದ್ದೇ ಹಾಕಿ,' ಎಂದರು ಬಾಯಿ.

ಆರು ವರ್ಷ ಸಿಗಡಿ ಸುಲಿದ ಕೈ.
ಉಪ್ಪು, ಮಂಜುಗಡ್ಡೆ, ಸಿಗಡಿಯ ತಲೆಮುಳ್ಳು
ದಿನಕ್ಕಿಷ್ಟಿಷ್ಟು ತಿಂದು
ಬೆರಳ ತುದಿಯೀಗ ತೊಳೆದಿಟ್ಟ ಬಟ್ಟಲಿನ ತಳ.
ಸೊಸೈಟಿಯ ಯಂತ್ರ ಏಳು ಸಲ ಕೇಳಿತಂತೆ,
ಏಳು ಸಲವೂ ಕೆಂಪು ದೀಪ.
'ನೀನು ನೀನಲ್ಲ ಅಂತಿದೆ ಮಾರಾಯ್ತಿ,
ಊರಿಗೆ ಹೋಗಿ ಸರಿಮಾಡಿಸಿಕೊಂಡು ಬಾ,'
ಅಂದನಂತೆ ಅಕ್ಕಿ ಅಳೆಯುವವ.
ಹೋಗಿಬರಲು ಎರಡು ರಾತ್ರಿ, ಮೂರು ದಿನದ ಕೂಲಿ.

ಬಾಯಿ ಹೇಳುತ್ತ ಹೋದರು, ನಾನು ಹೊಡೆಯುತ್ತ ಹೋದೆ:
ಬೆರಳು ಹೊಂದದಿದ್ದರೆ ಕಣ್ಣು ನೋಡಬೇಕು,
ಕಣ್ಣೂ ಆಗದಿದ್ದರೆ ಪುಸ್ತಕದಲ್ಲಿ ಬರೆದುಕೊಂಡು ಕೊಡಬೇಕು,
ಬರಿಗೈಯಲ್ಲಿ ಕಳಿಸುವಂತಿಲ್ಲ.
'ಅಲ್ಲಿ "ದಯಮಾಡಿ" ಯಾಕೆ ವಾಮನಣ್ಣ? ತೆಗೀರಿ ಅದನ್ನು.'
ದಯಮಾಡಿ ಇಲ್ಲದ ಅರ್ಜಿ
ಮೊದಲ ಸಲ ನನ್ನ ಪ್ರಿಂಟರಿನಿಂದ ಹೊರಬಿತ್ತು,
ಎತ್ತಿ ಕಟ್ಟಿದ ಮುಂಡು ಇಳಿಸದೆ
ಸಾಹೇಬರೆದುರು ನಿಂತವನ ಹಾಗೆ.

ಕೊನೆಗೆ ಸಹಿ. ಇಂಕಿನ ಪ್ಯಾಡಿಗೆ ಅದ್ದಿ ಹಾಳೆಗೆ ಒತ್ತಿದಳು:
ಗೆರೆಯಿಲ್ಲ, ಸುಳಿಯಿಲ್ಲ, ಒಂದು ದುಂಡನೆಯ ಕಪ್ಪು.
ಓದದವರನ್ನು ಹೆಬ್ಬೆಟ್ಟು ಎಂದು ಹಂಗಿಸುತ್ತೇವೆ ನಾವು.
ಇವಳಿಗೆ ಆ ಬೈಗುಳವೂ ಉಳಿದಿರಲಿಲ್ಲ.
'ಇದನ್ನೇ ಸಾಕ್ಷಿಯಾಗಿ ಲಗತ್ತಿಸಿ,' ಎಂದರು ಬಾಯಿ.

ಮೂರನೆಯ ತಿಂಗಳು ಬಂದಳು, ಕಂಕುಳಲ್ಲಿ ಚೀಲ.
ಕಣ್ಣು ನೋಡುವ ಡಬ್ಬಿ ತರಿಸಿದರಂತೆ.
'ಅಳಕೋತ ನಿಂತ್ರೂ ಗುರ್ತ ಹಿಡೀತೈತ್ರೀ ಅದು!'
ನಾನೂ ನಕ್ಕೆ.
(ಎರಡು ಪುಟದ ಅರವತ್ತು ರೂಪಾಯಿ ಅಂದೇ ತೆಗೆದುಕೊಂಡಿದ್ದೆ.
ಸುಳ್ಳೇಕೆ.)

ಚೀಲ ಬಿಚ್ಚಿ ಒಂದು ಹಿಡಿ ಕುಚ್ಚಲಕ್ಕಿ ಮೇಜಿನ ಮೇಲೆ ಹರಡಿದಳು.
'ಈ ದಪ್ಪನ್ನ ಅಕ್ಕಿ ನಮಗ ಹಿಡಸಂಗಿಲ್ರೀ ಅಣ್ಣಾರ.
ಜ್ವಾಳ ಕೇಳಾಕ ಬರತೈತೇನು, ಕಾನೂನಿನ್ಯಾಗ?'

ಬಾಯಿ ಕೋರ್ಟಿನೊಳಗಿದ್ದರು.
ನಾನು ಹೊಸ ಪುಟ ತೆರೆದೆ.
ಹುಲಿಗೆವ್ವ, ಗಂಡ ಯಮನೂರಪ್ಪ.
ಹಾಲಿ ವಾಸ: ಮಂಗಳೂರು.